ಒಡೆದ ಟೈಲ್ಸ್ ಕಸ ಅಲ್ಲ ಕಣ್ರೀ

ಬೆಳಿಗ್ಗೆ ಹಾಲು ತರಲು ಹೋದಾಗ ಕಂಡಿದ್ದು. ಇನ್ನೂ ಹೊಟ್ಟೆ ಉರಿಯುತ್ತಿದೆ. ನಮ್ಮ ಹಿಂದಿನ ರಸ್ತೆಯಲ್ಲಿ ಮುಂದಿನ ವಾರ ಒಂದು ಗೃಹಪ್ರವೇಶ. ಗೇಟಿನ ಮುಂದೆ ಲಗೇಜ್ ಆಟೋ ನಿಂತಿತ್ತು. ಉಳಿದ ಟೈಲ್ಸ್, ಒಡೆದ ಚೂರು, ಎಲ್ಲವನ್ನೂ ಬಾಂಡ್ಲಿ ತುಂಬಾ ತುಂಬಿ ಅದರೊಳಗೆ ಸುರಿಯುತ್ತಿದ್ದರು. ಎಲ್ಲಿಗೆ ಅಂತ ಕೇಳಿದೆ. "ಕೆರೆ ಹತ್ರ ಸಾರ್, ವೇಸ್ಟು." ಅದೇ ಹೊತ್ತಿಗೆ ಒಳಗೆ ಹೊಸ ಟೈಲ್ಸ್ ಡಬ್ಬ ಬಿಚ್ಚುತ್ತಿದ್ದರು. ಹಾಲ್ ಗೋಡೆಗೆ ಪ್ರಿಂಟ್ ಮಾಡಿದ ನವಿಲು. ಇದೇ ನವಿಲು, ಇದೇ ಗರಿ, ನಮ್ಮ ಬಡಾವಣೆಯಲ್ಲಿ ಇನ್ನೆರಡು ಮನೆಯಲ್ಲಿದೆ.

ಅಲ್ರೀ, ಚಿತ್ರ ಮಾಡುವ ಸಾಮಾನನ್ನು ಕೆರೆಗೆ ಸುರಿದು, ಚಿತ್ರವನ್ನು ದುಡ್ಡು ಕೊಟ್ಟು ತರುವುದಾ?

ನಮ್ಮ ತುಳಸಿಕಟ್ಟೆ ಹಿಂದಿನ ಗೋಡೆಯನ್ನು ನಿಮ್ಮಲ್ಲಿ ತುಂಬಾ ಜನ ನೋಡಿದ್ದೀರಿ. ಅದರ ಮೇಲೆ ಒಡೆದ ಟೈಲ್ಸ್ ಚೂರು ಜೋಡಿಸಿ ಮಾಡಿದ ಚಿತ್ರವಿದೆ, ಮೊಸಾಯಿಕ್ ಅಂತಾರಲ್ಲ ಅದು. 3 ಅಡಿ ಅಗಲ, 4 ಅಡಿ ಎತ್ತರ. ಅಮ್ಮನ ರಂಗೋಲಿ ಪುಸ್ತಕದ ಬಳ್ಳಿ ಅದು. ಪೂರ್ತಿ ಅಳತೆಗೆ ಕಾಗದದ ಮೇಲೆ ಬರೆದುಕೊಂಡೆ. ಟೈಲ್ಸನ್ನು ಗೋಣಿಚೀಲದಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಸುತ್ತಿಗೆಯಲ್ಲಿ ಒಡೆದೆ. ಅಮ್ಮ ಮೊರ ಹಿಡಿದು ಕೂತಳು. ಅವರೆಕಾಳು ಆರಿಸುವ ಹಾಗೇ ಆರಿಸಿದಳು: ಎಲೆಗೆ ಚೂಪಾದವು, ಹೂವಿಗೆ ಮೊಂಡಾದವು. ಕಾಗದದ ಮೇಲೆ ಎಲ್ಲಾ ಜೋಡಿಸಿ ನೋಡಿದ ಮೇಲೇ ಗೋಡೆಗೆ ಹೋಗಿದ್ದು.

ವಿಟ್ರಿಫೈಡ್ ಟೈಲ್ಸ್ ನೀರನ್ನು ಹೀರುವುದೇ ಇಲ್ಲ ಅನ್ನಬೇಕು, ಅದಕ್ಕೇ ಬರೀ ಸಿಮೆಂಟ್ ಹಾಲಿಗೆ ಸರಿಯಾಗಿ ಹಿಡಿಯುವುದಿಲ್ಲ. ಟೈಲ್ ಅಂಟು ಬೇಕು. ಚೂರುಗಳ ಮಧ್ಯೆ 2-3 ಮಿಲಿಮೀಟರ್ ಸಂದು ಬಿಡಬೇಕು. ಒಂದು ದಿನ ಬಿಟ್ಟು ಆ ಸಂದುಗಳಿಗೆ ಗ್ರೌಟ್, ಅಂದರೆ ಸಂದು ಮುಚ್ಚುವ ಸಿಮೆಂಟಿನ ಪೇಸ್ಟ್, ತುಂಬಿದೆವು. ಆಗ ಇಡೀ ಗೋಡೆ ಬೂದಿ ಬಳಿದ ಹಾಗಿತ್ತು. ಸ್ವಲ್ಪ ಬಿಗಿಯಾದ ಮೇಲೆ ಒದ್ದೆ ಸ್ಪಂಜಿನಲ್ಲಿ ಮೆಲ್ಲಗೆ ಒರೆಸುತ್ತಾ ಬಂದರೆ ಒಂದೊಂದೇ ಎಲೆ ಹಸಿರಾಗಿ ಮೇಲೆದ್ದು ಬಂತು. ಅಮ್ಮ ಸುಮ್ನೆ ನಿಂತು ನೋಡುತ್ತಿದ್ದಳು.

ಟೈಮ್ ಎಲ್ಲಿದೆ ಅಂತೀರಿ. ನಮಗೆ ಹಿಡಿದಿದ್ದು ನಾಲ್ಕು ಭಾನುವಾರ. ಮನೆ ಕಟ್ಟಲು ವರ್ಷ ಕಾಯುವವರಿಗೆ ನಾಲ್ಕು ಭಾನುವಾರ ಜಾಸ್ತಿಯಾ? ಪ್ರಿಂಟ್ ನೀಟಾಗಿರುತ್ತೆ ಅಂತಲೂ ಹೇಳುತ್ತಾರೆ. ಇರಲಿ. ಅದರಲ್ಲಿ ಮನೆಯವರ ಕೈ ಎಲ್ಲಿದೆ? ಚಂಡೀಗಢದಲ್ಲಿ ನೇಕ್ ಚಂದ್ ಅನ್ನುವ ರಸ್ತೆ ಇನ್ಸ್‌ಪೆಕ್ಟರ್ ಒಡೆದ ಪಿಂಗಾಣಿ, ಬಳೆ ಚೂರು ಆಯ್ದು ತಂದು ರಾಕ್ ಗಾರ್ಡನ್ ಕಟ್ಟಿದರು. 1976ರಿಂದ ಜನ ಅದನ್ನು ನೋಡಲು ಹೋಗುತ್ತಲೇ ಇದ್ದಾರೆ. ನಮ್ಮಲ್ಲೇ ಎಷ್ಟು ತಾರಸಿಗೆ ಬಿಸಿಲು ತಡೆಯಲಿ ಅಂತ ಬಿಳಿ ಚೂರು ಹಾಸಿಲ್ಲ? ಆ ಕೈಗಳು ಇನ್ನೂ ಇವೆ ಅಲ್ವಾ?

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿದೆ. ಯಾರಿಗೂ ಹೇಳಿರಲಿಲ್ಲ. ಊರಿನ ಹಳೇ ಮನೆ ಕೆಡವಿದಾಗ ಬಚ್ಚಲಿನ ನೀಲಿ ಟೈಲ್ಸನ್ನು ಇದೇ ಥರ ಆಟೋಗೆ ತುಂಬಿಸಿ ಕಳಿಸಿದ್ದು ನಾನೇ. ಅಪ್ಪ ಹುಡುಕಿ ತಂದು ಹಾಕಿಸಿದ್ದ ಟೈಲ್ಸ್ ಅವು. ಅಮ್ಮ ಆಗ ಒಂದು ಮಾತೂ ಆಡಲಿಲ್ಲ. ಈ ಬಳ್ಳಿಯ ನಡುವಿನ ಹೂವಿಗೆ ಬಣ್ಣ ಹುಡುಕುತ್ತಿದ್ದಾಗ ಒಳಗೆ ಹೋಗಿ ಸೀರೆಗಳ ಮಧ್ಯದಿಂದ ಒಂದು ನೀಲಿ ಚೂರು ತಂದು ಕೈಗಿಟ್ಟಳು. ಅವತ್ತು ನನಗೆ ಕಾಣದ ಹಾಗೆ ಎತ್ತಿಟ್ಟುಕೊಂಡಿದ್ದಳಂತೆ.

ಇವತ್ತು ಆಟೋದಿಂದ ಎರಡು ಚೀಲ ಇಳಿಸಿಕೊಂಡು ಬಂದಿದ್ದೇನೆ. ಹಳದಿ ಇದೆ, ಇಟ್ಟಿಗೆ ಬಣ್ಣ ಇದೆ, ಬಿಳಿ ಬೇಕಾದಷ್ಟಿದೆ. ಬೇಕಾದವರು ಭಾನುವಾರ ಬನ್ನಿ. ಗೋಣಿಚೀಲ, ಸುತ್ತಿಗೆ ನಮ್ಮನೆಯಲ್ಲೇ ಇವೆ.