ಪರ-ವಿರೋಧ: ವಾರ್ಡಿನಲ್ಲಿ ರೋಗಿ ಜೊತೆ ಒಬ್ಬರೇ ಸಾಕಾ?

ಟಿಬಿ, ಫ್ಲೂನಂಥ ಉಸಿರಿನ ಕಾಯಿಲೆಗಳು ಆಸ್ಪತ್ರೆಯೊಳಗೇ ಹರಡದಂತೆ, ಒಬ್ಬ ರೋಗಿಗೆ ಒಂದೇ ಪಾಸ್ ಎಂಬ ನಿಯಮ ಎಲ್ಲ ಕಡೆ ಕಡ್ಡಾಯ ಆಗಬೇಕಾ? ತುಮಕೂರು ಜಿಲ್ಲೆಯ ಇಬ್ಬರನ್ನು ಕೇಳಿದೆವು.

ಪರ: ಕೆಮ್ಮುವ ನೆಂಟರಿಗೆ ಕೇಸ್ ಶೀಟ್ ಇಲ್ಲ
*(ನಿವೃತ್ತ ಸ್ಟಾಫ್ ನರ್ಸ್, ತುಮಕೂರು)*

ಆಗಬೇಕು. ಒಬ್ಬ ರೋಗಿ, ಒಬ್ಬರು ಜೊತೆಗೆ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ ಅಂತಾನೇ ನನಗೆ ಗೊತ್ತಾಗುತ್ತಿಲ್ಲ.

ಸಂಜೆ ನಾಲ್ಕು ಗಂಟೆ ಹೊತ್ತಿಗೆ ಯಾವುದಾದರೂ ದೊಡ್ಡ ಆಸ್ಪತ್ರೆಯ ಜನರಲ್ ವಾರ್ಡಿಗೆ ಹೋಗಿ ನೋಡಿ. ರೋಗಿ ಮಂಚದ ಒಂದು ಮೂಲೆಗೆ ಸರಿದುಕೊಂಡಿರುತ್ತಾರೆ. ಕಾಲ ಹತ್ತಿರ ಇಬ್ಬರು ಕೂತಿರುತ್ತಾರೆ. ಮಂಚದ ಕೆಳಗೆ ಚಾಪೆ ಹಾಸಿ ಒಬ್ಬರು ಮಲಗಿರುತ್ತಾರೆ. ಡ್ರಿಪ್ ಸ್ಟ್ಯಾಂಡಿಗೆ ಊಟದ ಬ್ಯಾಗು ನೇತಾಡುತ್ತಿರುತ್ತದೆ. ಪಾವಗಡದಿಂದ ಬಂದವರು, ಬಸ್ಸಿಗೆ ಇನ್ನೂ ಟೈಮ್ ಇದೆ ಅಂತ ಪಕ್ಕದ ಮಂಚದವರನ್ನೂ ಮಾತಾಡಿಸುತ್ತಾರೆ. "ನಿಮ್ಮೋರಿಗೆ ಏನಾಗಿದೆ?" ಅಂತ ಒಂದೊಂದೇ ಮಂಚ ದಾಟಿಕೊಂಡು ಹೋಗುತ್ತಾರೆ. ಕೇಳೋದು ಪ್ರೀತಿಯಿಂದಲೇ, ನಾನು ಇಲ್ಲ ಅನ್ನುವುದಿಲ್ಲ.

ಆದರೆ ಒಂದು ವಿಷಯ ಯೋಚನೆ ಮಾಡಿ. ರೋಗಿ ಕೆಮ್ಮಿದರೆ ನಮಗೆ ಗೊತ್ತಾಗುತ್ತದೆ. ರೌಂಡ್ಸಿನಲ್ಲಿ ಡಾಕ್ಟರ್ ಕೇಳುತ್ತಾರೆ, ಎಕ್ಸ್‌ರೇ ಬರೆಯುತ್ತಾರೆ, ಕಫ ಪರೀಕ್ಷೆಗೆ ಕಳಿಸುತ್ತಾರೆ. ಎಲ್ಲವೂ ಕೇಸ್ ಶೀಟಿನಲ್ಲಿ ಇರುತ್ತದೆ. ನೋಡಲು ಬಂದವರು ಕೆಮ್ಮಿದರೆ? ಅವರಿಗೆ ಕೇಸ್ ಶೀಟ್ ಇಲ್ಲ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ವಾರ್ಡಿನಲ್ಲಿ ನಮ್ಮ ಲೆಕ್ಕಕ್ಕೇ ಸಿಗದ ಕೆಮ್ಮು ಅದೊಂದೇ.

ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಗಂಡಸರ ಮೆಡಿಕಲ್ ವಾರ್ಡ್. ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾಗಿ ಒಬ್ಬ ಅಜ್ಜ ಸೇರಿದ್ದರು. ಜೊತೆಗೆ ಅವರ ತಮ್ಮ. ಬಹಳ ಒಳ್ಳೆಯ ಮನುಷ್ಯ. ಯಾರು ಬಿಸಿನೀರು ಕೇಳಿದರೂ ಫ್ಲಾಸ್ಕ್ ಹಿಡಿದು ಓಡುತ್ತಿದ್ದರು. ಯಾರ ಡ್ರಿಪ್ ಮುಗಿದರೂ "ಸಿಸ್ಟರೇ, ಹನ್ನೆರಡನೇ ಬೆಡ್ಡಿನ ಬಾಟ್ಲಿ ಆಯ್ತು" ಅಂತ ಕೂಗಿ ಹೇಳುತ್ತಿದ್ದರು. ಅಣ್ಣನಿಗೆ ಮೂಸಂಬಿ ತಿನ್ನಬೇಡಿ ಅಂದಿದ್ದಕ್ಕೆ, ತಂದಿದ್ದನ್ನೆಲ್ಲ ಸುಲಿದು ಪಕ್ಕದ ಮಂಚದ ಹುಡುಗನಿಗೆ ಕೊಡುತ್ತಿದ್ದರು. ತೊಳೆ ಬಿಡಿಸುತ್ತಾ ಬಿಡಿಸುತ್ತಾ ಕೆಮ್ಮು ಬರೋದು. ಹೆಗಲ ಮೇಲಿನ ಟವೆಲ್ ಬಾಯಿಗೆ ಒತ್ತಿಕೊಂಡು, ಕೆಮ್ಮಿ, ಅದೇ ಟವೆಲಿನಲ್ಲಿ ಕೈ ಒರೆಸಿಕೊಂಡು, ಮತ್ತೆ ತೊಳೆ ಬಿಡಿಸೋರು. ಕೇಳಿದರೆ ಬೀಡಿ ಕೆಮ್ಮು ಅಂತಿದ್ದರು. ರಾತ್ರಿ ಲೈಟ್ ಆರಿಸಿದ ಮೇಲಂತೂ ಆ ಕೆಮ್ಮು ನಿಲ್ಲುತ್ತಲೇ ಇರಲಿಲ್ಲ. ಒಂದು ಬೆಳಗ್ಗೆ ನನಗೆ ತಡೆಯಲಾಗಲಿಲ್ಲ. ಬೈದು, ಕಫದ ಡಬ್ಬಿ ಕೈಗಿಟ್ಟೆ. ರಿಪೋರ್ಟ್ ಪಾಸಿಟಿವ್. ಟಿಬಿ.

ಅಣ್ಣನಿಗೆ ಹುಣ್ಣು, ತಮ್ಮನಿಗೆ ಟಿಬಿ. ಹಾಸಿಗೆ ಕೊಟ್ಟಿದ್ದು ಅಣ್ಣನಿಗೆ, ವಾರ್ಡೆಲ್ಲ ಓಡಾಡಿದ್ದು ತಮ್ಮ. ಆಗ ಇದ್ದ ರೋಗಿಗಳ ಪಟ್ಟಿ ನಮ್ಮ ಹತ್ತಿರ ಇತ್ತು, ಅವರಿಗೆಲ್ಲ ಹೇಳಿ ಕಳಿಸಿದೆವು. ಬಂದು ಹೋದ ನೆಂಟರನ್ನು ಎಲ್ಲಿ ಅಂತ ಹುಡುಕುವುದು? ಮೇಲಾಗಿ ಸಕ್ಕರೆ ಕಾಯಿಲೆ ಇರುವವರಿಗೆ ಟಿಬಿ ಬರುವ ಸಂಭವ ಬೇರೆಯವರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ನಮ್ಮ ವಾರ್ಡಿನಲ್ಲಿ ಅರ್ಧ ಜನ ಅವರೇ.

ಟಿಬಿಯ ಸಣ್ಣ ಕಣ ಕೆಮ್ಮಿದ ಜಾಗದಲ್ಲೇ ಬಿದ್ದುಹೋಗುವುದಿಲ್ಲ. ಊದುಬತ್ತಿ ಹೊಗೆಯ ಹಾಗೆ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತದೆ. ದಡಾರ ಬಂದವರು ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಆ ಗಾಳಿಯಲ್ಲಿ ರೋಗ ಇರಬಹುದು. ಫ್ಲೂ ಇನ್ನೂ ಕಿಲಾಡಿ. ಮೈ ಬಿಸಿ ಆಗುವ ಒಂದು ದಿನ ಮೊದಲೇ ಹರಡೋಕೆ ಶುರು ಆಗಿರುತ್ತದೆ. "ನಾನು ಚೆನ್ನಾಗೇ ಇದ್ದೀನಲ್ಲ ಸಿಸ್ಟರ್" ಅನ್ನೋ ಮಾತನ್ನು ನಾನು ನಂಬದೇ ಇರೋದು ಅದಕ್ಕೇ.

ದಕ್ಷಿಣ ಕೊರಿಯಾದಲ್ಲೂ ನಮ್ಮ ಹಾಗೇ ಮನೆಯವರು ಆಸ್ಪತ್ರೆಯಲ್ಲಿ ಉಳಿದು ಆರೈಕೆ ಮಾಡುತ್ತಾರೆ, ನೆಂಟರು ಗುಂಪಾಗಿ ನೋಡಲು ಬರುತ್ತಾರೆ. 2015ರಲ್ಲಿ ಮಧ್ಯಪ್ರಾಚ್ಯದಿಂದ ವಾಪಸ್ ಬಂದ ಒಬ್ಬರಿಂದ ಅಲ್ಲಿ ಮರ್ಸ್ ಎಂಬ ಉಸಿರಿನ ಕಾಯಿಲೆ ಶುರುವಾಯಿತು. 186 ಜನರಿಗೆ ಅಂಟಿತು, 38 ಜನ ಸತ್ತರು. ಸೋಲ್ ನಗರದ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮಲಗಿದ್ದ ಒಬ್ಬನೇ ರೋಗಿಯಿಂದ 80ಕ್ಕೂ ಹೆಚ್ಚು ಜನರಿಗೆ ಹೋಯಿತು. ಒಟ್ಟು ಸೋಂಕಿತರಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನ ರೋಗಿಗಳೂ ಅಲ್ಲ, ನರ್ಸ್‌ಗಳೂ ಅಲ್ಲ. ಜೊತೆಗೆ ಇದ್ದವರು, ನೋಡಲು ಬಂದವರು.

ಅಷ್ಟು ದೂರ ಯಾಕೆ? 2018ರ ಮೇ ತಿಂಗಳಲ್ಲಿ ಪಕ್ಕದ ಕೇರಳದಲ್ಲಿ ನಿಪಾ ಬಂದಿದ್ದು ನೆನಪಿದೆಯಲ್ಲ. ಪೇರಾಂಬ್ರ ತಾಲೂಕು ಆಸ್ಪತ್ರೆಯಲ್ಲಿ ಮೊದಲ ರೋಗಿಯನ್ನು ನೋಡಿಕೊಂಡ ಸಿಸ್ಟರ್ ಲಿನಿ ತೀರಿಕೊಂಡರು. ಆ ರೋಗಿಯನ್ನು ಪೇರಾಂಬ್ರದಿಂದ ಕೋಳಿಕ್ಕೋಡ್ ಮೆಡಿಕಲ್ ಕಾಲೇಜಿಗೆ ಕರೆದೊಯ್ದಿದ್ದರು. ಅಲ್ಲಿ ಸ್ಕ್ಯಾನಿಂಗ್ ಕಡೆಯ ಕಾರಿಡಾರಿನಲ್ಲಿ ಬೇರೆ ಯಾರಿಗೋ ಜೊತೆಯಾಗಿ ಬಂದು ಕಾದು ನಿಂತವರಿಗೂ ಅಂಟಿತು. ಆ ರೋಗಿ ಯಾರು ಅಂತಲೂ ಅವರಿಗೆ ಗೊತ್ತಿರಲಿಲ್ಲ.

ಇನ್ನು ಬಾಣಂತಿ ವಾರ್ಡು. ನಾಯಿಕೆಮ್ಮಿನ ಮೊದಲ ಲಸಿಕೆ ಮಗುವಿಗೆ ಸಿಗೋದು ಆರು ವಾರಕ್ಕೆ. ಅಲ್ಲಿಯವರೆಗೆ ಆ ಲಸಿಕೆಯ ರಕ್ಷಣೆ ಮಗುವಿಗೆ ಇರುವುದಿಲ್ಲ. ದೊಡ್ಡವರಿಗೆ ಅದು ಬರೀ ಹಳೇ ಕೆಮ್ಮು, ಹಸುಗೂಸಿಗೆ ಉಸಿರೇ ನಿಂತುಹೋಗಬಹುದು. ಆದರೂ ಸೋದರತ್ತೆ, ದೊಡ್ಡಮ್ಮ, ಎದುರುಮನೆಯವರು, ಎಲ್ಲರೂ ಸರತಿಯಲ್ಲಿ ಎತ್ತಿಕೊಂಡು ಕೆನ್ನೆಗೆ ಮುತ್ತು ಕೊಡಲೇಬೇಕು. ಬೇಡ ಅಂದರೆ ಸಿಸ್ಟರ್‌ಗೆ ಕೊಬ್ಬು!

ವಿರೋಧ ಮಾಡುವವರು ಏನು ಹೇಳುತ್ತಾರೆ ಅಂತ ಗೊತ್ತು. ಮನುಷ್ಯತ್ವ ಇಲ್ವಾ, ನಮ್ಮ ಸಂಸ್ಕೃತಿ ಹೀಗಲ್ಲ, ಇತ್ಯಾದಿ. ಸಂಸ್ಕೃತಿ ಇರಲಿ, ಗೇಟಿನ ಹೊರಗೆ ಇರಲಿ. ನರ್ಸ್‌ಗಳು ಸಾಲದು, ಆಯಾಗಳು ಸಾಲದು, ಮನೆಯವರಿಲ್ಲದೆ ವಾರ್ಡು ನಡೆಯಲ್ಲ ಅಂತಲೂ ಅನ್ನುತ್ತಾರೆ. ಅದು ಬೇರೆ ವಿಷಯ, ಬೇಕಾದರೆ ಇನ್ನೊಂದು ಲೇಖನ ಬರೆಸಿ. ಒಬ್ಬರೇ ಆದರೆ ಹೆಸರು, ಊರು, ಫೋನ್ ನಂಬರ್ ಬರೆದುಕೊಳ್ಳಬಹುದು. ನಾಳೆ ಏನಾದರೂ ಆದರೆ ಹುಡುಕಬಹುದು. ಹತ್ತು ಜನ ಬಂದರೆ ಯಾರ ಹೆಸರು ಅಂತ ಬರೆಯೋದು? ನೋಡಲೇಬೇಕು ಅನಿಸಿದರೆ ವಿಡಿಯೋ ಕಾಲ್ ಮಾಡಿ. ಎಳನೀರು ಗೇಟಿನಲ್ಲಿ ಕೊಟ್ಟು ಹೋಗಿ, ಒಳಗಿರೋರು ಬಂದು ತಗೊಂಡು ಹೋಗುತ್ತಾರೆ.

ವಿರೋಧ: ತಲೆ ಎಣಿಸಬೇಡಿ, ಕಿಟಕಿ ತೆಗೆಯಿರಿ
*(ಪಿಯು ಕಾಲೇಜು ಉಪನ್ಯಾಸಕ, ಗುಬ್ಬಿ)*

ಪರ ಬರೆಯಲು ಸಿಸ್ಟರ್ ಆಗಲೇ ಒಪ್ಪಿದ್ದಾರೆ, ನೀವು ವಿರೋಧ ಬರೆಯಿರಿ ಅಂದರು. ನಿಜ ಹೇಳಬೇಕೆಂದರೆ ಒಂದು ಮಂಚದ ಸುತ್ತ ಎಂಟು ಜನ ನಿಲ್ಲೋದು ನನಗೂ ಇಷ್ಟ ಇಲ್ಲ. ಆದರೂ ಹೂಂ ಅಂದ ಮೇಲೆ ಬರೆಯಬೇಕಲ್ಲ.

ಸಿಸ್ಟರ್ ಬರೆದಿದ್ದನ್ನು ನನಗೆ ಮೊದಲೇ ಕಳಿಸಿದ್ದರು. ಮೂಸಂಬಿ ಸುಲಿದು ಕೊಟ್ಟ ಆ ತಮ್ಮ ಇದ್ದಾರಲ್ಲ, ಒಂದೇ ಪಾಸ್ ಅಂತ ನಿಯಮ ಇದ್ದಿದ್ದರೆ ಆ ಪಾಸ್ ಸಿಗುತ್ತಿದ್ದುದು ಅವರಿಗೇ ಅಲ್ವಾ? ಅವರ ಹೆಸರು, ಊರು, ಫೋನ್ ನಂಬರ್ ಎಲ್ಲ ರಿಜಿಸ್ಟರಿನಲ್ಲಿ ಇರುತ್ತಿತ್ತು. ಕೆಮ್ಮು ವಾರ್ಡಿನಲ್ಲೇ ಇರುತ್ತಿತ್ತು. ಅಲ್ಲಿ ತೊಂದರೆ ಆಗಿದ್ದು ಜನ ಜಾಸ್ತಿ ಇದ್ದರು ಅಂತಲ್ಲ. ನಿಮಗೆ ಎಷ್ಟು ದಿನದಿಂದ ಕೆಮ್ಮು ಅಂತ ಮೊದಲ ದಿನವೇ ಯಾರೂ ಕೇಳಲಿಲ್ಲ.

ಕೇಳದೇ ಇರೋದು ಹಳೇ ರೋಗ. 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲೇ ಟಿಬಿ ಸಮೀಕ್ಷೆ ಮಾಡಿದ್ದರು. ರೋಗ ಇದ್ದವರನ್ನು ಮಾತಾಡಿಸಿ ನೋಡಿದರೆ, ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದವರು. ಕೆಮ್ಮಿಗೆ ಒಂದು ಬಾಟಲಿ ಔಷಧಿ ಕೊಟ್ಟು ಅವರನ್ನು ಮನೆಗೆ ಕಳಿಸಲಾಗಿತ್ತು. ಆಸ್ಪತ್ರೆಯ ಬಾಗಿಲಿಗೆ ಟಿಬಿ ತಾನೇ ನಡೆದು ಬಂದಿತ್ತು, ಯಾರೂ ಹಿಡಿಯಲಿಲ್ಲ. ಈ ಸಂಶೋಧನೆ ಆಮೇಲೆ ದೇಶದ ಟಿಬಿ ಕಾರ್ಯಕ್ರಮಕ್ಕೇ ದಾರಿ ತೋರಿಸಿತು. ನಮ್ಮ ಜಿಲ್ಲೆಯವರಿಗೇ ಇದು ಗೊತ್ತಿಲ್ಲ, ಬೇಜಾರಾಗುತ್ತದೆ.

2010ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಗಾಳಿಯಿಂದ ಹರಡುವ ಸೋಂಕಿನ ಬಗ್ಗೆ ಆಸ್ಪತ್ರೆಗಳಿಗೆ ಮಾರ್ಗಸೂಚಿ ಕೊಟ್ಟಿತು. ಕೆಮ್ಮುವವರನ್ನು ಸಾಲಿನಲ್ಲೇ ಗುರುತಿಸಿ, ಬೇರೆ ಕೂರಿಸಿ, ಬೇಗ ನೋಡಿ ಕಳಿಸಿ, ಗಾಳಿ ಚೆನ್ನಾಗಿ ಆಡಲಿ ಅಂತ ಹೇಳಿತು. ಜನರಲ್ ವಾರ್ಡಿನಲ್ಲಿ ಪ್ರತಿ ರೋಗಿಗೆ ಸೆಕೆಂಡಿಗೆ 60 ಲೀಟರ್ ಹೊಸ ಗಾಳಿ ಬರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ವಾರ್ಡುಗಳ ಕಿಟಕಿ ನೋಡಿದ್ದೀರಾ? ಸೊಳ್ಳೆ ಬರುತ್ತೆ ಅಂತ ಅರ್ಧ ಮುಚ್ಚಿರುತ್ತವೆ. ಉಳಿದರ್ಧಕ್ಕೆ ಬೀರು ಅಡ್ಡ ಇಟ್ಟಿರುತ್ತಾರೆ. ಬೀರು ಸರಿಸೋದಕ್ಕೆ ಪಾಸ್ ಬೇಕಾಗಿಲ್ಲ.

1956ರಲ್ಲಿ ಮದರಾಸಿನಲ್ಲಿ ಶುರುವಾದ ಪ್ರಯೋಗವನ್ನೂ ಹೇಳಬೇಕು. ಕೆಲವು ಟಿಬಿ ರೋಗಿಗಳನ್ನು ಸ್ಯಾನಟೋರಿಯಂಗೆ, ಅಂದರೆ ಟಿಬಿ ಆಸ್ಪತ್ರೆಗೆ, ಸೇರಿಸಿದರು, ಕೆಲವರಿಗೆ ಇಕ್ಕಟ್ಟಾದ ಅವರ ಮನೆಯಲ್ಲೇ ಔಷಧಿ ಕೊಟ್ಟರು. ಇಬ್ಬರೂ ಹೆಚ್ಚುಕಡಿಮೆ ಒಂದೇ ರೀತಿ ಗುಣವಾದರು. ಮನೆಯವರಿಗೆ ಹರಡಿದ್ದೂ ಜಾಸ್ತಿ ಆಗಲಿಲ್ಲ. ಮನೆ ಬೇರೆ, ವಾರ್ಡು ಬೇರೆ ಅಂತ ಸಿಸ್ಟರ್ ಹೇಳಬಹುದು. ಹೇಳಲಿ.

ನಮ್ಮ ಅಮ್ಮನಿಗೆ ನ್ಯುಮೋನಿಯಾ ಆದಾಗ ಸೇರಿಸಿದ ಆಸ್ಪತ್ರೆಯಲ್ಲಿ ಒಂದೇ ಪಾಸ್. ಅಮ್ಮನಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ರಾತ್ರಿ ಚೀಟಿ ಕೊಟ್ಟು ಇಂಜೆಕ್ಷನ್ ತನ್ನಿ ಅಂದರು. ನನ್ನ ತಮ್ಮ ಗೇಟಿನ ಹೊರಗೆ ಬೈಕ್ ಸ್ಟ್ಯಾಂಡಿನಲ್ಲಿ ಕೂತಿದ್ದ. ಅವನ ಫೋನ್ ಚಾರ್ಜ್ ಮುಗಿದಿತ್ತು, ನಾನೇ ಹೋದೆ. ಮೆಡಿಕಲ್ ಶಾಪಿನಲ್ಲಿ ಸಾಲು. ವಾಪಸ್ ಬಂದರೆ ಸೆಕ್ಯುರಿಟಿಯವನ ಶಿಫ್ಟ್ ಬದಲಾಗಿತ್ತು. ಪಾಸಿನ ಮೇಲೆ ಸೀಲ್ ಸರಿ ಕಾಣಿಸುತ್ತಿಲ್ಲ ಅಂತ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅಷ್ಟರಲ್ಲಿ ಅಮ್ಮ ಆಕ್ಸಿಜನ್ ಮಾಸ್ಕ್ ಕಿತ್ತುಹಾಕಿ ಬಾತ್‌ರೂಮಿಗೆ ಅಂತ ಮಂಚದಿಂದ ಒಂದು ಕಾಲು ಇಳಿಸಿದ್ದರು. ಡ್ಯೂಟಿಯಲ್ಲಿದ್ದ ಸಿಸ್ಟರ್ ಇನ್ನೊಂದು ತುದಿಯಲ್ಲಿದ್ದರು, ಇಡೀ ವಾರ್ಡಿಗೆ ಆ ಹೊತ್ತಿನಲ್ಲಿ ಅವರೊಬ್ಬರೇ. ಅಮ್ಮನನ್ನು ಹಿಡಿದು ಮಲಗಿಸಿ ಮಾಸ್ಕ್ ಹಾಕಿದ್ದು ಪಕ್ಕದ ಮಂಚದವರ ಜೊತೆಗಿದ್ದ ಸಿರಾ ಕಡೆಯ ಹೆಂಗಸು. ಆಕೆಯೂ ನಿಯಮದ ಪ್ರಕಾರ ಅಲ್ಲಿರಬಾರದಿತ್ತು. ಮಗಳ ಪಾಸಿನಲ್ಲಿ ಒಳಗೆ ಬಂದಿದ್ದರು.

ಈ ಸೀಲು, ಪಾಸು, ಗದರಿಕೆ ಎಲ್ಲ ಬಡವರಿಗೆ ಮಾತ್ರ. ಯಾರೋ ಮುಖಂಡರು ಹಣ್ಣಿನ ಬುಟ್ಟಿ ಹಿಡಿದು ಇಪ್ಪತ್ತು ಹಿಂಬಾಲಕರ ಜೊತೆ ಬಂದರೆ ಅದೇ ಸೆಕ್ಯುರಿಟಿ ಗೇಟನ್ನು ಪೂರ್ತಿ ತೆಗೆಯುತ್ತಾನೆ. ಫೋಟೋ ತೆಗೆಯುವವನು ಮಂಚದ ಮೇಲೇ ಹತ್ತಿ ನಿಂತಿದ್ದನ್ನು ನಾನು ನೋಡಿದ್ದೇನೆ. ಮಾಸ್ಕ್ ಗಲ್ಲದ ಕೆಳಗಿತ್ತು. ಅವರಿಗೆಲ್ಲ ಯಾವ ಬಣ್ಣದ ಪಾಸ್ ಕೊಡುತ್ತೀರಿ?

ಕೊರಿಯಾ, ನಿಪಾ ಅಂತೆಲ್ಲ ಸಿಸ್ಟರ್ ಬರೆದಿದ್ದಾರೆ. ದೊಡ್ಡ ವಿಷಯಗಳು, ನಾನು ತಲೆ ಹಾಕುವುದಿಲ್ಲ. ಆದರೆ ಕೊರಿಯಾದವರು ಬರೀ ಗೇಟ್ ಮುಚ್ಚಿ ಸುಮ್ಮನಾಗಲಿಲ್ಲ. ಮನೆಯವರು ಮಾಡುತ್ತಿದ್ದ ಆರೈಕೆಯನ್ನು ನರ್ಸ್‌ಗಳೇ ಮಾಡುವ ವ್ಯವಸ್ಥೆಯನ್ನು ಹೆಚ್ಚು ಆಸ್ಪತ್ರೆಗಳಿಗೆ ವಿಸ್ತರಿಸಿದರು. ಅದು ಇನ್ನೊಂದು ಲೇಖನ ಅಂತ ಸಿಸ್ಟರ್ ತಳ್ಳಿಬಿಟ್ಟರು. ಬಾಣಂತಿ ವಾರ್ಡಿನ ವಿಷಯ ಮಾತ್ರ ಬಿಡಿ, ಅದು ಬೇರೆ.

ಪಾಸ್ ಕೊಡಲೇಬೇಕು ಅಂದರೆ ಎರಡು ಕೊಡಿ. ಕೊಡುವ ಕಿಟಕಿಯಲ್ಲಿ ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದೆಯಾ ಅಂತ ಕೇಳಿ, ಹೌದು ಅಂದವರನ್ನು ಕಫ ಪರೀಕ್ಷೆಗೆ ಕಳಿಸಿ. ಮತ್ತೆ ಆ ಪಾಸಿಗೆ ಅಂತ ದುಡ್ಡು ತಗೋಬೇಡಿ.