ಅನಾಹುತಕ್ಕೆ ಹತ್ತಕ್ಕೆ ಹತ್ತು

ಒಂದು ಕಾದಂಬರಿ ಚೆನ್ನಾಗಿದೆಯೋ ಇಲ್ಲವೋ ಅಂತ ಹೇಳಲು ವಿಮರ್ಶಕರ ಹತ್ತಿರ ಏನೇನೋ ಅಳತೆಗೋಲುಗಳಿವೆ. ನನ್ನದು ಒಂದೇ. ಅದನ್ನು ಓದುವಾಗ ಏನಾದರೂ ಅನಾಹುತ ಆಯಿತಾ? ಒಲೆ ಮೇಲಿಟ್ಟದ್ದು ಸೀಯಲಿಲ್ಲ, ಬಂದ ಫೋನೆಲ್ಲ ಕೇಳಿಸಿತು, ಹೋಗಬೇಕಾದ ಕಡೆ ಟೈಮಿಗೆ ಸರಿಯಾಗಿ ಹೋದೆ ಅಂದರೆ, ಬರೆದವರಿಗೆ ನೊಬೆಲ್ ಬಂದಿರಲಿ, ನನ್ನ ಲೆಕ್ಕದಲ್ಲಿ ಜಸ್ಟ್ ಪಾಸ್.

ಈ ಪರೀಕ್ಷೆಯಲ್ಲಿ ಮೊದಲ ರ‍್ಯಾಂಕ್ ದಾಸ್ತೋವ್‌ಸ್ಕಿಗೆ. 1866ರ ‘ಅಪರಾಧ ಮತ್ತು ಶಿಕ್ಷೆ’. ರಾಸ್ಕೋಲ್ನಿಕೋವ್ ಬಡ್ಡಿ ಮುದುಕಿಯನ್ನು ಕೊಡಲಿಯಿಂದ ಕೊಂದಿದ್ದಾನೆ. ನಡುವೆ ಬಂದ ಅವಳ ತಂಗಿಯನ್ನೂ ಮುಗಿಸಿದ್ದಾನೆ. ಅಷ್ಟರಲ್ಲಿ ಯಾರೋ ಇಬ್ಬರು ಬಂದು ಬೆಲ್ ಮಾಡುತ್ತಾರೆ. ಬಾಗಿಲಿಗೆ ಇರುವುದು ಒಂದು ಕೊಕ್ಕೆ ಅಷ್ಟೇ. ಹೊರಗಿನವರು ಜಗ್ಗಿದಾಗೆಲ್ಲ ಅದು ಅಲ್ಲಾಡುತ್ತದೆ. ಇವನು ಕೊಡಲಿ ಹಿಡಿದು ಅದನ್ನೇ ನೋಡುತ್ತಾ ನಿಂತಿದ್ದಾನೆ. ಕೊಕ್ಕೆ ಒಳಗಿನಿಂದ ಹಾಕಿದೆ, ಅಂದಮೇಲೆ ಒಳಗೆ ಯಾರೋ ಇರಲೇಬೇಕು ಅಂತ ಹೊರಗಿನವರಲ್ಲಿ ಒಬ್ಬನಿಗೆ ಹೊಳೆದೂಬಿಡುತ್ತದೆ. ಮರ್ಯಾದಸ್ಥರ ಮನೆಯಲ್ಲಿ ಹುಟ್ಟಿದ ನಾನು ಆಗ ಯಾರ ಪರ ಇರಬೇಕು? ಪೊಲೀಸರ ಪರ ಅಲ್ವಾ? ಇಲ್ಲ. ದೇವರೇ, ಆ ಕೊಕ್ಕೆ ಗಟ್ಟಿಯಾಗಿರಲಿ ಅಂತ ಬೇಡಿಕೊಳ್ಳುತ್ತಿದ್ದೆ. ಅವನು ಮೆಟ್ಟಿಲಿಳಿದು, ಬಣ್ಣ ಬಳಿಯಲು ಖಾಲಿ ಮಾಡಿದ್ದ ಮನೆಯೊಳಗೆ ನುಗ್ಗಿ ಅವಿತುಕೊಂಡ ಮೇಲೇ ನಾನು ತಲೆ ಎತ್ತಿದ್ದು. ನಾನು ಇಳಿಯಬೇಕಾದ ಸ್ಟೇಷನ್ ಯಾವಾಗಲೋ ಹೋಗಿತ್ತು. ಎದುರು ಸೀಟಿನ ಅಜ್ಜಿಯೊಬ್ಬರು, “ಹುಷಾರಿದೀಯೇನಮ್ಮಾ? ಆಗಿಂದ ಏನೋ ಕೊಕ್ಕೆ ಕೊಕ್ಕೆ ಅಂತಿದೀಯ” ಅಂದರು. ಒಬ್ಬ ಮುದುಕಿಯನ್ನು ಕೊಂದವನು ತಪ್ಪಿಸಿಕೊಳ್ಳಲಿ ಅಂತ ಹರಸುತ್ತಿದ್ದೆ ಅಂತ ಆ ಅಜ್ಜಿಗೆ ಯಾವ ಬಾಯಲ್ಲಿ ಹೇಳಲಿ?

ಟಾಲ್‌ಸ್ಟಾಯ್ ವಿಷಯ ಬೇರೆ. ‘ಯುದ್ಧ ಮತ್ತು ಶಾಂತಿ’ಯನ್ನು ಮಲಗಿಕೊಂಡು ಓದಬಾರದು. ನಿದ್ದೆ ಹತ್ತಿದ ಮರುಕ್ಷಣ ಅದು ಮೂಗಿನ ಮೇಲೆ ಬೀಳುತ್ತದೆ, ಮತ್ತು ಆ ಏಟು ಸುಮ್ನೆ ಮರೆಯುವಂಥದ್ದಲ್ಲ. ಇದನ್ನು ಅನಾಹುತದ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಅಂತ ನನಗೆ ಇನ್ನೂ ಅನುಮಾನ. ಯಾಕೆಂದರೆ ಅದು ತೂಕದ ಸಾಧನೆ, ಕತೆಯದ್ದಲ್ಲ. ಪಾತ್ರಗಳೋ, ಐನೂರಕ್ಕೂ ಜಾಸ್ತಿ. ಒಬ್ಬೊಬ್ಬರನ್ನೂ ಒಂದು ಕಡೆ ಮನೆತನದ ಹೆಸರಿನಿಂದ, ಇನ್ನೊಂದು ಕಡೆ ಅಪ್ಪನ ಹೆಸರು ಸೇರಿಸಿ, ಮತ್ತೊಂದು ಕಡೆ ಮುದ್ದಿನ ಹೆಸರಿನಿಂದ ಕರೆಯುತ್ತಾರೆ. ಯಾರು ಯಾರಿಗೆ ಏನಾಗಬೇಕು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ನನ್ನ ತಮ್ಮ ಅದರ ಹಿಂದೆ ಯಾರದೋ ಫೋನ್ ನಂಬರ್ ಬರೆದುಕೊಂಡು ಹೊರಟುಹೋದ. ಅವತ್ತಿನಿಂದ ರೋಸ್ತೋವ್ ಮನೆಯವರೂ ಬೋಲ್ಕೋನ್‌ಸ್ಕಿ ಮನೆಯವರೂ ನನ್ನ ತಲೆಯಲ್ಲಿ ಒಂದೇ ಸೂರಿನಡಿ ಬಾಳುತ್ತಿದ್ದಾರೆ. ಆದರೂ ನತಾಶಾಳ ಮೊದಲ ಬಾಲ್ ನೃತ್ಯ ಬಂದಾಗ ಎಲ್ಲಾ ಮಾಫಿ. ಅಷ್ಟು ಅಲಂಕಾರ ಮಾಡಿಕೊಂಡು ಬಂದವಳನ್ನು ಯಾರೂ ಕುಣಿಯಲು ಕರೆಯುತ್ತಿಲ್ಲ. ಅಳು ಒಳಗೇ ಇದೆ. ಕೊನೆಗೆ ಪಿಯರ್ ಹೇಳಿಕಳಿಸಿ ಆಂದ್ರೇ ಬರುತ್ತಾನಲ್ಲ, ಆ ಪುಟಕ್ಕಾಗಿ ಇನ್ನೊಂದು ಸಲ ಮೂಗು ಒಡ್ಡಬಹುದು. ಕತೆಯೆಲ್ಲ ಮುಗಿದ ಮೇಲೆ ಇತಿಹಾಸ ಅಂದರೇನು ಅಂತ ಟಾಲ್‌ಸ್ಟಾಯ್ ಶುರು ಮಾಡುವ ಉಪನ್ಯಾಸ ಮಾತ್ರ ನನ್ನಿಂದಾಗದು. ಹೊರಟೆ ಅಂತ ಎದ್ದ ನೆಂಟರು ಬಾಗಿಲಲ್ಲಿ ನಿಂತು ಇನ್ನೊಂದು ಗಂಟೆ ಮಾತಾಡಿದ ಹಾಗೆ.

ಮೆಲ್‌ವಿಲ್‌ನ ‘ಮೊಬಿ ಡಿಕ್’ (1851) ಓದುವಾಗ ನಮ್ಮ ಮನೆಯಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯಿತು. ಇದು ಹೊಗಳಿಕೆ ಅಲ್ಲ. 135 ಅಧ್ಯಾಯಗಳು. ನಾಯಕ ಹಠ ಹಿಡಿದು ಹುಡುಕುವ ಬಿಳಿ ತಿಮಿಂಗಿಲ ಎದುರಿಗೆ ಬರುವುದು ಕೊನೆಯ ಮೂರರಲ್ಲಿ. ಅಲ್ಲಿಯವರೆಗೆ ತಿಮಿಂಗಿಲದ ಜಾತಿಗಳು, ತಲೆ, ಬಾಲ, ಎಲುಬು, ಎಣ್ಣೆ. ತಿಮಿಂಗಿಲ ಮೀನೇ ಅಂತ ಬೇರೆ ವಾದ. ಪುಟ ಹಾರಿಸುವುದು ಓದುಗರ ಜನ್ಮಸಿದ್ಧ ಹಕ್ಕು ಅಂತ ನಂಬಿದವಳು ನಾನು. ಹಾರಿಸಿದೆ.

ಮಾರ್ಕ್ವೆಜ್ ಹತ್ತಿರ ಈ ಹಕ್ಕು ಚಲಾಯಿಸಿದರೆ ಕೆಟ್ಟೆವು. ‘ನೂರು ವರ್ಷಗಳ ಏಕಾಂತ’ದಲ್ಲಿ (1967) ಒಂದು ಪುಟ ಬಿಟ್ಟರೆ ತಾತ ಯಾರು, ಮೊಮ್ಮಗ ಯಾರು ತಿಳಿಯುವುದಿಲ್ಲ. ಕರ್ನಲ್ ಆರೇಲಿಯಾನೊಗೆ ಹದಿನೇಳು ಹೆಂಗಸರಲ್ಲಿ ಹದಿನೇಳು ಗಂಡುಮಕ್ಕಳು, ಹದಿನೇಳೂ ಆರೇಲಿಯಾನೊಗಳೇ. ತಮ್ಮನಿಗೆ ಕತೆ ಹೇಳಲು ಹೋದೆ. “ಆರೇಲಿಯಾನೊ ಸತ್ತ” ಅಂದೆ. “ಯಾವನು?” ಅಂದ. ಅವತ್ತಿನ ಕತೆ ಅಲ್ಲಿಗೇ ನಿಂತಿತು. ಈ ಪುಸ್ತಕದಲ್ಲಿ ನನಗೆ ಪ್ರಾಣಕ್ಕಿಂತ ಇಷ್ಟವಾದದ್ದು ಒಂದು ಸಣ್ಣ ವಿಷಯ. ಸುಂದರಿ ರೆಮೆದಿಯೋಸ್ ಬೆಡ್‌ಶೀಟ್ ಮಡಚುತ್ತಾ ಮಡಚುತ್ತಾ ಹಾಗೇ ಮೇಲೆದ್ದು ಸ್ವರ್ಗಕ್ಕೆ ಹೋಗಿಬಿಡುತ್ತಾಳೆ. ಬೇರೆಯವರು ಬರೆದಿದ್ದರೆ ಎಲ್ಲರೂ ಕೈಮುಗಿದು ನಿಲ್ಲುತ್ತಿದ್ದರು. ಇಲ್ಲಿ ಆ ಮನೆಯ ಸೊಸೆ ಫೆರ್ನಾಂಡಾ ಎಷ್ಟೋ ಕಾಲ ದೇವರಲ್ಲಿ ಒಂದೇ ಬೇಡಿಕೆ ಇಡುತ್ತಾಳೆ: ನನ್ನ ಬೆಡ್‌ಶೀಟ್ ವಾಪಸ್ ಕೊಡಪ್ಪಾ. ಆ ಸಾಲು ಓದಿದ ಮೇಲೆ ರೆಮೆದಿಯೋಸ್ ಹಾರಿದ್ದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ಅದೇ ಹೊತ್ತಿಗೆ ಟೆರೇಸಿನಲ್ಲಿ ಒಣಹಾಕಿದ್ದ ನನ್ನ ಬೆಡ್‌ಶೀಟೂ ಗಾಳಿಗೆ ಎದ್ದುಹೋಯಿತು. ಅದು ಸ್ವರ್ಗದವರೆಗೆ ಹೋಗಲಿಲ್ಲ, ಪಕ್ಕದ ಮನೆಯ ಕೆಸರಿಗೆ ಬಿತ್ತು. ಮಾರ್ಕ್ವೆಜ್‌ಗೆ ಒಂಬತ್ತೂವರೆ ಕೊಟ್ಟೆ.

ಸರ್ವಾಂಟೆಸ್ ಮಾಡಿದ ಅನಾಹುತ ಆಫೀಸಿನದ್ದು. ಆನ್‌ಲೈನ್ ಮೀಟಿಂಗ್ ನಡೆಯುತ್ತಿತ್ತು. ಬಾಸ್ ಗಂಭೀರವಾಗಿ ನಷ್ಟದ ಲೆಕ್ಕ ಹೇಳುತ್ತಿದ್ದರು. ನನ್ನ ತೊಡೆಯ ಮೇಲೆ ‘ಡಾನ್ ಕ್ವಿಕ್ಸೋಟ್’. 1605ರಲ್ಲಿ ಬಂದ ಮೊದಲ ಭಾಗದಲ್ಲಿ ನಾಯಕನ ಸೇವಕ ಸಾಂಚೋ ಪಾಂಜಾನ ಕತ್ತೆ ಕಳೆದುಹೋಗುತ್ತದೆ. ಸ್ವಲ್ಪ ಹೊತ್ತಿಗೆ ನೋಡಿದರೆ ಅವನು ಅದೇ ಕತ್ತೆಯ ಮೇಲೆ ಹಾಯಾಗಿ ಕೂತಿದ್ದಾನೆ. ಸರ್ವಾಂಟೆಸ್ ಮರೆತೇಬಿಟ್ಟಿದ್ದ ಅಂತ ಕಾಣುತ್ತದೆ. ಓದಿದವರು ಸುಮ್ಮನಿರುತ್ತಾರಾ? ಹತ್ತು ವರ್ಷ ಬಿಟ್ಟು, 1615ರಲ್ಲಿ, ಎರಡನೇ ಭಾಗ ಬಂತು. ಅದರಲ್ಲಿ ಪಾತ್ರಗಳೇ ಮೊದಲ ಭಾಗ ಓದಿಕೊಂಡು ಬಂದು ಸಾಂಚೋನನ್ನು ಕೇಳುತ್ತವೆ, ಕತ್ತೆಯ ಕತೆ ಏನಪ್ಪಾ ಅಂತ. ಕಳ್ಳತನ ಹೇಗಾಯಿತು ಅಂತೇನೋ ಅವನು ವಿವರಿಸುತ್ತಾನೆ. ಸಿಗುವ ಮೊದಲೇ ಅದರ ಮೇಲೆ ಕೂತಿದ್ದು ಹೇಗೆ ಅಂದರೆ, ಬರೆದವನು ತಪ್ಪಿರಬೇಕು, ಇಲ್ಲಾ ಅಚ್ಚು ಹಾಕಿದವನ ಎಡವಟ್ಟು ಅಂದುಬಿಡುತ್ತಾನೆ! ನಾನು ಗೊಳ್ಳೆಂದು ನಕ್ಕೆ. ಮೈಕ್ ಆನ್ ಇತ್ತು. “ಏನ್ರೀ ಮೇಡಂ, ನಷ್ಟ ಅಂದ್ರೆ ನಗು ಬರುತ್ತಾ?” ಅಂದರು ಬಾಸ್. “ನಮ್ಮ ಲೈನಿನದೇ ಏನೋ ತೊಂದರೆ ಸಾರ್” ಅಂದೆ. ನಾನೂರು ವರ್ಷ ಹಳೆಯ ನೆಪ, ಇನ್ನೂ ಸವೆದಿಲ್ಲ.

ತಮ್ಮನಿಗೆ ಓದುವ ಚಾಳಿ ಇಲ್ಲ. “ಅಕ್ಕಾ, ಕೊನೆಗೆ ಏನಾಯ್ತು ಅಷ್ಟು ಹೇಳ್ಬಿಡು, ಸಾಕು” ಅನ್ನುವ ಜಾತಿ. ತೆಳ್ಳಗಿದೆಯಲ್ಲಾ ಅಂತ ಕಾಫ್ಕಾನ ‘ರೂಪಾಂತರ’ (1915) ಅವನ ಕೈಗೆ ಕೊಟ್ಟೆ. ಬೆಳಿಗ್ಗೆ ರೆಡಿಯಾಗಿ, ಒಂದು ಕಾಲಿಗೆ ಶೂ ಹಾಕಿಕೊಂಡು, ಎರಡು ನಿಮಿಷ ಇದೆ ಅಂತ ತೆಗೆದ. ಗ್ರೆಗರ್ ಸಾಮ್ಸಾ ಎದ್ದಾಗ ದೊಡ್ಡ ಹುಳವಾಗಿದ್ದಾನೆ. ಅವನ ಚಿಂತೆ ಅದಲ್ಲ. ನಾಲ್ಕಕ್ಕೆ ಇಟ್ಟ ಅಲಾರಂ ಕೇಳಿಸಲಿಲ್ಲ, ಐದು ಗಂಟೆಯ ರೈಲು ತಪ್ಪಿತು, ಮುಂದಿನದು ಏಳಕ್ಕೆ, ಆಫೀಸಿನಲ್ಲಿ ಏನನ್ನುತ್ತಾರೋ. ಅಷ್ಟರಲ್ಲಿ ಆಫೀಸಿನ ದೊಡ್ಡ ಗುಮಾಸ್ತ ಮನೆ ಬಾಗಿಲಿಗೇ ಬಂದು ನಿಲ್ಲುತ್ತಾನೆ. “ಅಕ್ಕಾ, ಇವನಿಗೆ ನಮ್ಮ ಮ್ಯಾನೇಜರ್ ಹೆಂಗೆ ಗೊತ್ತು?” ಅಂತ ತಮ್ಮ ಕೂಗಿದ. ಅರ್ಧ ಗಂಟೆಯಾದರೂ ಇನ್ನೊಂದು ಶೂ ನೆಲದ ಮೇಲೇ ಇತ್ತು. ಫೋನ್ ಹೊಡೆದುಕೊಳ್ಳತೊಡಗಿತು. ಮ್ಯಾನೇಜರದೇ. ಇವನು ಕಣ್ಣು ಪುಸ್ತಕದಿಂದ ತೆಗೆಯದೆ ಫೋನನ್ನು ನನ್ನ ಕಡೆ ತಳ್ಳಿದ.

“ನೀನೇ ಮಾತಾಡಕ್ಕಾ. ಹುಳ ಆಗಿದೀನಿ, ಇವತ್ತು ಬರಲ್ಲ ಅನ್ನು.”