ಪತ್ರಿಕಿ ಉಳೀಬೇಕ್ರಿ, ಪಿಡಿಎಫ್ ಅದ ಏನ್ರಿ?

ಹೋದ ಐತ್ವಾರ ನಮ್ಮ ಕಲಬುರಗಿಯಾಗ ಒಂದು ವಿಚಾರ ಸಂಕಿರಣ ಆತು. ವಿಷಯ ‘ಸಣ್ಣ ಪತ್ರಿಕೆಗಳ ಅಸ್ಮಿತೆ ಮತ್ತು ಉಳಿವು’. ನಮ್ಮನ್ನೂ ಕರ್ದಿದ್ರು. ನಾವು ನಾಲ್ಕು ಮಂದಿ ಸೇರಿ ಸಂಗೀತದ ಮ್ಯಾಲ ಒಂದು ತ್ರೈಮಾಸಿಕ ತರ್ತೀವಲ್ಲ, ಅದಕ್ಕ. ತ್ರೈಮಾಸಿಕ ಅಂದ್ರ ಪ್ರೆಸ್ಸಿನವರಿಗೆ ಹಳೀ ಬಾಕಿ ಮುಟ್ಟಿದಾಗೊಮ್ಮೆ ಬರೋದು, ಕ್ಯಾಲೆಂಡರಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ವೇದಿಕಿ ಮ್ಯಾಲ ಏಳು ಮಂದಿ, ಏಳೂ ಮಂದಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಮೂರು ತಾಸು ಮಾತಾಡಿದ್ರು. ಎಲ್ಲೆಲ್ಲೋ ತಿರುಗಾಡಿ ಎಲ್ಲಾರೂ ಕಡೀಗೆ ಬಂದು ನಿಂತಿದ್ದು ‘ಇಂಥಾ ಪತ್ರಿಕೆಗಳು ಉಳೀಬೇಕು’ ಅನ್ನೋ ಮಾತಿಗೆ. ಚಪ್ಪಾಳಿ.

ಹೊರಗ ಟೇಬಲ್ ಹಾಕ್ಕೊಂಡು ನಾ ಕುಂತಿದ್ದೆ. ಪ್ರತಿಗೆ 40 ರೂಪಾಯಿ, 50 ಪ್ರತಿ ಒಯ್ದಿದ್ದೆ, 48 ತಿರುಗಿ ತಂದೆ. ಎರಡಾದ್ರೂ ಹೋದ್ವಲ್ಲ ಅಂತ ಖುಷಿ ಪಡಬ್ಯಾಡ್ರಿ, ಒಂದು ಸಂಘಟಕರು ‘ಫೈಲಿಗೆ ಬೇಕು’ ಅಂತ ಒಯ್ದ್ರು, ಇನ್ನೊಂದ್ರ ಮ್ಯಾಲ ಯಾರೋ ಮಿರ್ಚಿ ಇಟ್ಕೊಂಡು ತಿಂದು ಅಲ್ಲೇ ಮಡಚಿ ಒಗ್ದಿದ್ರು. ನನ್ನ ಪೆನ್ನೂ ಹೋತು. ಅಧ್ಯಕ್ಷತಿ ವಹಿಸಿದ್ದ ಹಿರಿಯರು ಊಟಾ ಮುಗಿಸಿ ಕೈ ಒರಸ್ಕೋತ ಬಂದು, ಹೆಗಲ ಮ್ಯಾಲ ಕೈ ಇಟ್ಟು, ಭಾಳ ಅಂತಃಕರಣದಿಂದ ಹೇಳಿದ್ರು: “ತಮ್ಮಾ, ಛಲೋ ಕೆಲಸ ಹಿಡ್ದೀರಿ, ನಿಲ್ಲಸಬ್ಯಾಡ್ರಿ. ಇದರದು ಪಿಡಿಎಫ್ ಅದ ಏನು? ನನಗ ವಾಟ್ಸಾಪ್ ಮಾಡಿಬಿಡು.”

ನಮ್ಮೂರ ಸೂಪರ್ ಮಾರ್ಕೆಟ್ ಪ್ಯಾಟಿ ಕಡೆ ಹೋಗಿ ಭಜಿ ಗಾಡಿ ಮುಂದ ನಿಂತು ‘ಕಾಕಾ, ನಿಮ್ಮ ಮಿರ್ಚಿ ಉಳೀಬೇಕ್ರಿ, ಒಂದು ಪಿಡಿಎಫ್ ಕಳಿಸ್ರಿ’ ಅಂತ ಯಾರಾದ್ರೂ ಕೇಳ್ಯಾರೇನ್ರಿ? ಝಾರಿ ತಗೊಂಡು ಬೆನ್ನ ಹತ್ತತಾನ ಅಂವ. ನಮ್ಮ ಕೈಯಾಗ ಝಾರಿ ಇಲ್ಲ, ಹಂಗಾಗಿ ಎಲ್ಲಾರಿಗೂ ಧೈರ್ಯ.

ಪುಕ್ಕಟ್ಟೆ ಕೊಡ್ರಿ, ಮಂದಿಗೆ ರುಚಿ ಹತ್ತತದ, ಆಮ್ಯಾಲ ತಾವೇ ಬರ್ತಾರ ಅಂತ ಸಲಹಾ ಕೊಡೋರೂ ಇದ್ದಾರ. ಲಂಡನ್ನಿನ ಎನ್‌ಎಂಇ ಅನ್ನೋ ಸಂಗೀತದ ವಾರಪತ್ರಿಕಿ ಕತಿ ಅವರಿಗೆ ಹೇಳ್ಬೇಕು. 1952ರಾಗ ಸುರು ಆದದ್ದು, ಅದೇ ವರ್ಷ ನವೆಂಬರ್‌ದಾಗ ಬ್ರಿಟನ್ನಿನ ಮೊದಲ್ನೇ ಹಾಡಿನ ಚಾರ್ಟ್, ಅಂದ್ರ ಯಾವ ಹಾಡು ಹೆಚ್ಚು ಮಾರಾಟ ಆತು ಅನ್ನೋ ಪಟ್ಟಿ, ಹಾಕಿದ ಪತ್ರಿಕಿ ಅದು. 2015ರಾಗ ಮಾಲಕರಿಗೆ ಜ್ಞಾನೋದಯ ಆಗಿ ರೇಲ್ವೆ ಸ್ಟೇಷನ್ನಿನ್ಯಾಗ ಪುಕ್ಕಟ್ಟೆ ಹಂಚ್ಲಾಕ ಹಚ್ಚಿದ್ರು, ಮೂರು ಲಕ್ಷ ಪ್ರತಿ. ಮೂರು ವರ್ಷಾನೂ ತುಂಬಲಿಲ್ಲ, 2018ರ ಮಾರ್ಚ್‌ದಾಗ ಅಚ್ಚು ಬಂದ್. 2023ರಾಗ ಸಣ್ಣಗೆ ಮತ್ತ ಕಾಗದದ ಮ್ಯಾಲ ತಂದ್ರು, ಈ ಸಲ ರೊಕ್ಕಕ್ಕ. ಅದರ ಹಿರೇಣ್ಣ ಇದ್ದಂಗಿದ್ದ ಮೆಲೋಡಿ ಮೇಕರ್, 1926ರದ್ದು, 2000ದಾಗೇ ಇದರೊಳಗ ಕರಗಿ ಹೋಗಿತ್ತು. ‘ಕ್ಯೂ’ ಅನ್ನೋ ಇನ್ನೊಂದು ಸಂಗೀತದ ಪತ್ರಿಕಿ 2020ರಾಗ ಕಣ್ಣು ಮುಚ್ಚಿತು. ಹೆಣದ ಪಟ್ಟಿ ಸಾಕು.

ಪಿಚ್‌ಫೋರ್ಕ್ ಅನ್ನೋ ಅಮೆರಿಕಾದ ಸಂಗೀತ ವಿಮರ್ಶಾ ವೆಬ್‌ಸೈಟಿನ ಕತಿ ಕೇಳ್ರಿ. 1996ರ ಸುಮಾರಿಗೆ ಒಬ್ಬ ಹುಡುಗ ಮನ್ಯಾಗ ಕುಂತು ಸುರು ಮಾಡಿದ್ದು, ಹಾಡಿನ ಆಲ್ಬಮ್ಮಿಗೆ ಹತ್ತರಾಗ ಮಾರ್ಕು ಕೊಡೋದು, ಅದೂ ದಶಮಾಂಶದಾಗ, 6.8, 7.3 ಅಂತ. ನಮ್ಮ ಬಳಗದಾಗೂ ಒಬ್ಬಂವಗ ಈ ರೋಗ ಹತ್ತಿತ್ತು, ನಾವೂ ಮಾರ್ಕು ಕೊಡೋಣು ಅಂದ. ಅಮಾಸಿ ಭಜನಿಗೆ ಹೋಗಿ, ಕಡಕೋಳ ಮಡಿವಾಳಪ್ಪನ ತತ್ವಪದ ಹಾಡೋ ಒಬ್ಬ ಮುತ್ಯಾಗ 7.8 ಅಂತ ಹಾಕಿದ. ಮುತ್ಯಾ ಎಂಟು ದಿನ ಬಿಟ್ಟು ಪತ್ರಿಕಿ ಕೈಯಾಗ ಹಿಡ್ಕೊಂಡು ಬಂದ. ಸಿಟ್ಟಿಲ್ಲ ಸೆಡವಿಲ್ಲ, ಆರಾಮ್ ಕುಂತು ಚಾ ಕುಡ್ದು ಕೇಳಿದ: “ಸರ್ರ, ಉಳಿದ 2.2 ಎಲ್ಲಿ ಹೋತ್ರಿ? ಪದ ಮಡಿವಾಳಪ್ಪಂದು, ಕೊಳ್ಳು ನಂದು. ಈ ಕಡಿಮಿ ಮಾರ್ಕು ನನಗ ಹಾಕೀರೋ, ಅವರಿಗೆ ಹಾಕೀರೋ?” ನಮ್ಮ ವಿಮರ್ಶಕ ಬಾಯಾಗ ಬಿಸ್ಕೀಟು ಇಟ್ಕೊಂಡು ಹಂಗೇ ಕುಂತಿದ್ದ. ಇಡೀ ರಾತ್ರಿ ಏಕತಾರಿ ಹಿಡಿದು, ದಮ್ಮಡಿ ಬಡ್ಕೋತ, ನಿದ್ದಿ ಬಂದವರ್ನ ಎಬ್ಬಿಸಿ ಕುಂದ್ರಿಸಿ ಬೆಳಕು ಹರಿಯೋ ತನಕ ಹಾಡಿದ್ದನ್ನ ಪಾಯಿಂಟ್ ಎಂಟು ಅಂತ ಅಳಿಯೋದು ಯಾವ ಊರಿನ ತಕ್ಕಡಿ ಅಂತ ನಮಗೂ ಅನಿಸ್ತು. ಆ ಅಂಕಣ ಅಲ್ಲಿಗೇ ಮುಗೀತು. ಮುತ್ಯಾ ಮಾತ್ರ ಹೋಗೋವಾಗ 40 ರೂಪಾಯಿ ಟೇಬಲ್ ಮ್ಯಾಲ ಇಟ್ಟು ಹೋದ, ಬ್ಯಾಡ ಅಂದ್ರೂ ಕೇಳ್ಲಿಲ್ಲ.

ಎಲ್ಲಿದ್ದೆ? ಹಾಂ, ಪಿಚ್‌ಫೋರ್ಕ್. 2015ರಾಗ ಕಾಂಡೆ ನಾಸ್ಟ್ ಅನ್ನೋ ದೊಡ್ಡ ಕಂಪನಿ ಅದನ್ನ ಕೊಂಡ್ಕೊಳ್ತು, 2024ರ ಜನವರಿಯಾಗ ಒಯ್ದು ಜಿಕ್ಯೂ ಅನ್ನೋ ಗಂಡಸರ ಫ್ಯಾಷನ್ ಪತ್ರಿಕಿ ಮಡಲಿಗೆ ಹಾಕ್ತು, ಭಾಳ ಮಂದಿ ಹಳಬರ್ನ ಮನೀಗೆ ಕಳಸಿದಂಗಾತು. ಏನ್ ದೂರದೃಷ್ಟಿ ನೋಡ್ರಿ. ಗಂಡಸರು ಕೋಟು ಹಾಕ್ಕೋತಾರ, ಗಂಡಸರು ಹಾಡೂ ಕೇಳ್ತಾರ, ಮತ್ತ ಎರಡಕ್ಕೂ ಬ್ಯಾರೆ ಬ್ಯಾರೆ ಆಫೀಸು ಯಾಕ? ಇದೇ ಲೆಕ್ಕಕ್ಕ ನಮ್ಮ ತ್ರೈಮಾಸಿಕಾನ ಧೋತರದ ಅಂಗಡಿಗೆ ಸೇರಿಸಬಹುದು, ಭಜನಿ ಮಂದಿ ಎಲ್ಲಾರೂ ಧೋತರಾನೇ ಉಡ್ತಾರ.

ನಗಬ್ಯಾಡ್ರಿ, ನಮಗೂ ಒಂದು ಆಫರ್ ಬಂದಿತ್ತು. ಹೆಸರು ಬ್ಯಾಡ, ಊರಾಗ ವ್ಯವಹಾರ ಇರೋ ಒಬ್ಬ ಸಾಹುಕಾರ್ರು. ಮನೀಗೆ ಕರ್ದು, ಬದಾಮಿ ಹಾಲು ಕುಡಿಸಿ, ‘ನಾ ನಿಮ್ಮ ಪತ್ರಿಕಿ ಉಳಸ್ತೀನಿ’ ಅಂದ್ರು. ನಮ್ಮ ಕಣ್ಣಾಗ ನೀರು. ಹೆಸರು ಅದೇ ಇರ್ಲಿ ಆದ್ರ ಮುಂದ ‘ಲೈಫ್‌ಸ್ಟೈಲ್’ ಅಂತ ಸೇರಸ್ರಿ ಅಂದ್ರು, ಹೂಂ ಅಂದ್ವಿ, ಬಡತನ ಏನೇನ್ ಹೂಂ ಅನ್ನಸ್ತದ. ತತ್ವಪದ, ಮೊಹರಂ ಪದ, ರಾಶಿ ಮಾಡೋವಾಗ ಹಾಡೋ ಹಂತಿ ಪದ, ಉರುಸಿನ ಕವ್ವಾಲಿ ಇವೆಲ್ಲಾ ‘ಸ್ವಲ್ಪ ಹಿಂದಿನ ಪುಟಕ್ಕ’ ಹಾಕ್ರಿ ಅಂದ್ರು. ಕವರ್ ಪೇಜಿಗೆ ಅವರ ಕೋಚಿಂಗ್ ಸೆಂಟರಿನ ನೀಟ್ ರ‍್ಯಾಂಕಿನ ಹುಡುಗರ ಫೋಟೋ.

ನಮ್ಮ ಸಂಪಾದಕ ಅಂಜ್ಕೋತ ಅಂದ, “ಸಾಹುಕಾರ್ರ, ಇದು ಸಂಗೀತದ ಪತ್ರಿಕಿ ಅದ ಅಲ್ರಿ.”

“ಗೊತ್ತದಪಾ. ಹುಡುಗರ ಕೈಯಾಗ ಒಂದೊಂದು ತಬಲಾ ಕೊಟ್ಟು ನಿಂದ್ರಸ್ರಿ. ಸಂಗೀತ ಆತಲ್ಲ?”

ಖರೇ ಹೇಳ್ತೀನಿ, ಒಂದು ಕ್ಷಣ ನಾವು ಲೆಕ್ಕಾ ಹಾಕಿದ್ವಿ. ಹನ್ನೆರಡು ಹುಡುಗರು, ಹನ್ನೆರಡು ತಬಲಾ ಯಾರ ಮನ್ಯಾಗ ಸಿಗ್ತಾವ ಅಂತ. ಒಬ್ಬಂವ ಅಂತೂ ‘ಹಾರ್ಮೋನಿಯಂ ಆದ್ರ ನಡೀತದೇನ್ರಿ’ ಅಂತ ಕೇಳೇಬಿಟ್ಟ.

ಸಾಹುಕಾರ್ರ ಬಾಯಾಗ ಮಾತಿಗೊಮ್ಮೆ ‘ಬ್ರ್ಯಾಂಡಿಂಗ್’ ಬರ್ತಿತ್ತು, ‘ಐಡೆಂಟಿಟಿ’ ಬರ್ತಿತ್ತು. ಐಡೆಂಟಿಟಿ ಅಂದ್ರ ನಮಗೇನು ಕಡಿಮಿ? ಗುಲ್ಬರ್ಗಾ ಇದ್ದದ್ದು 2014ರ ನವೆಂಬರ್ 1ಕ್ಕ ಕಲಬುರಗಿ ಆತು. ಹೈದರಾಬಾದ್ ಕರ್ನಾಟಕ ಇದ್ದದ್ದು 2019ರಾಗ ಕಲ್ಯಾಣ ಕರ್ನಾಟಕ ಆತು. ಬೋರ್ಡು ಬರೆಯೋ ಪೇಂಟರ್‌ಗಳಿಗೆ ಸುಗ್ಗಿ. ಅದೇ 2019ರಾಗ ನಮ್ಮ ತೊಗರಿ ಬ್ಯಾಳಿಗೂ ಜಿಐ ಟ್ಯಾಗ್, ಅಂದ್ರ ಇದು ಇದೇ ಸೀಮಿದು ಅನ್ನೋ ಸರಕಾರಿ ಗುರುತು, ಸಿಕ್ತು, ‘ಗುಲ್ಬರ್ಗಾ ತೂರ್ ದಾಲ್’ ಅಂತ ಹಳೀ ಹೆಸರಿನ್ಯಾಗೇ. ಬ್ಯಾಳಿ ಎಷ್ಟು ಶಾಣ್ಯಾದು ನೋಡ್ರಿ, ಸುತ್ತಮುತ್ತ ಎಲ್ಲಾರೂ ಹೆಸರು ಬದಲಿ ಮಾಡ್ಕೊಂಡ್ರೂ ತಾ ಮಾಡ್ಕೊಳ್ಲಿಲ್ಲ, ರೇಟೂ ಇಳೀಲಿಲ್ಲ. ಪತ್ರಿಕಿಗೂ ಒಂದು ಜಿಐ ಕೊಡ್ತಾರೇನೋ ಕೇಳ್ಬೇಕು.

ಬ್ಯಾಳಿ ಅಂದ ಮ್ಯಾಲ ಇಂಗು ನೆಪ್ಪಾತು. ಉತ್ತರ ಪ್ರದೇಶದ ಹಾಥರಸ್ ಊರು ಇಂಗಿಗೆ ಹೆಸರುವಾಸಿ. ಆ ಊರಾಗ ಪ್ರಭುಲಾಲ್ ಗರ್ಗ್ ಅಂತ ಒಬ್ಬ ಮನಷ್ಯಾ ಇದ್ದ, ಕಾಕಾ ಹಾಥರಸಿ ಅಂದ್ರ ಹಿಂದಿ ಹಾಸ್ಯ ಕವಿ ಅಂತ ದೇಶಕ್ಕೆಲ್ಲಾ ಗೊತ್ತು. ಮಂದೀನ್ನ ನಗಸ್ತಿದ್ದ ಅನ್ನೋದು ಗೊತ್ತು, ಸಂಗೀತದ ಪತ್ರಿಕಿ ನಡಸ್ತಿದ್ದ ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ. 1930ರ ದಶಕದಾಗ ‘ಸಂಗೀತ ಕಾರ್ಯಾಲಯ’ ಕಟ್ಟಿ ‘ಸಂಗೀತ್’ ಅನ್ನೋ ಮಾಸಿಕ ತಂದ, ರಾಗ, ತಾನ, ಸ್ವರಲಿಪಿ ಎಲ್ಲಾ ಅಚ್ಚು ಹಾಕ್ಸಿ. ವಸಂತ್ ಅನ್ನೋ ಹೆಸರಿನ್ಯಾಗ ತಾನೇ ಬರೆದ ಸಂಗೀತದ ಪುಸ್ತಕ ಅಂತೂ ಹಿಂದೂಸ್ತಾನಿ ಪರೀಕ್ಷಾ ಕಟ್ಟೋ ಹುಡುಗರ ಚೀಲದಾಗ ಇವತ್ತಿಗೂ ಇರ್ತದ. ದಿಲ್ಲಿ ಅಲ್ಲ, ಮುಂಬಯಿ ಅಲ್ಲ, ಹಾಥರಸ್! ಪತ್ರಿಕಿ ಕೈ ಕಚ್ಚಿದ್ರ ಪುಸ್ತಕ ಕೈ ಹಿಡೀಲಿ ಅನ್ನೋ ವ್ಯಾಪಾರಿ ಬುದ್ಧಿ ಇತ್ತು ಕಾಕಾಗ. ಸತ್ತಾಗ ಅಳಬ್ಯಾಡ್ರಿ ಅಂದಿದ್ನಂತ, ಸ್ಮಶಾನದಾಗೇ ಹಾಸ್ಯ ಕವಿಗೋಷ್ಠಿ ಮಾಡಿದ್ರಂತ. ಸಂಗೀತದ ಪತ್ರಿಕಿ ನಡಸೋಂವ ಹಾಸ್ಯಗಾರ ಆಗದ ಮತ್ತೇನ್ ಆಗ್ತಾನ ಹೇಳ್ರಿ. ಬ್ಯಾಳಿ ನಮ್ಮಲ್ಲಿ, ಇಂಗು ಅವರಲ್ಲಿ, ವಗ್ಗರಣಿ ಅವರು ಹಾಕ್ಕೊಂಡ್ರು, ನಾವು ಇಂಗು ತಿಂದ ಮಂಗ್ಯಾನಂಗ ಸಂಕಿರಣದ ಟೇಬಲ್ ಮುಂದ ಕುಂತೀವಿ.

ಅಲಹಾಬಾದಿನ್ಯಾಗ ಇನ್ನೊಬ್ಬ ಇದ್ದ, ಅಮಿತ್ ಸೈಗಲ್. 1993ರಾಗ ‘ರಾಕ್ ಸ್ಟ್ರೀಟ್ ಜರ್ನಲ್’ ಸುರು ಮಾಡಿದ. ಗಿಟಾರ್ ಹಿಡ್ಕೊಂಡು ಕೂದ್ಲ ಬಿಟ್ಟ ಹುಡುಗರು ಇಂಡಿಯಾದಾಗ ಎಲ್ಲೆಲ್ಲಿ ಇದ್ದಾರ ಅನ್ನೋದು ಒಬ್ಬರಿಗೊಬ್ಬರಿಗೆ ಗೊತ್ತಾಗಿದ್ದೇ ಅದರಿಂದ. ಸಂಗಮದ ದಂಡಿ ಮ್ಯಾಲ ಕುಂತು ರಾಕ್ ಪತ್ರಿಕಿ! ಅದರ ಹಿಂದ ಗ್ರೇಟ್ ಇಂಡಿಯನ್ ರಾಕ್ ಅಂತ ಹಬ್ಬಾನೂ ಕಟ್ಟಿದ. ಅಂವ 2012ರಾಗ ಸಣ್ಣ ವಯಸ್ಸಿನ್ಯಾಗೇ ಹೋದ.

ಇನ್ನ ಚೆನ್ನೈದ ‘ಶ್ರುತಿ’ 1983ರಿಂದ ಶಾಸ್ತ್ರೀಯ ಸಂಗೀತ, ನೃತ್ಯ ಬಿಟ್ಟು ಆಚೀಚಿ ನೋಡ್ದ ಬಂದದ. ಲಂಡನ್ನಿನ ‘ದಿ ವೈರ್’ 1982ರದ್ದು, ಅದರ ಸಿಬ್ಬಂದೀನೇ ಕೂಡಿ ಅದನ್ನ ಕೊಂಡ್ಕೊಂಡ್ರು, ಯಾರೂ ಕೇಳ್ದ ವಿಚಿತ್ರ ಸಂಗೀತದ ಬಗ್ಗೆ ಬರೀತಾರ, ಇನ್ನೂ ಬರಕತ್ತದ. ಪಿಚ್‌ಫೋರ್ಕ್‌ನಿಂದ ಹೊರಬಿದ್ದ ಐದು ಮಂದಿ 2024ರಾಗ ‘ಹಿಯರಿಂಗ್ ಥಿಂಗ್ಸ್’ ಅಂತ ತಮ್ಮದೇ ಮಾಲಕತನದ್ದು ಸುರು ಮಾಡ್ಯಾರ, ಓದೋರ ಚಂದಾ ನಂಬ್ಕೊಂಡು. ಈ ಮಾತು ಸಾಹುಕಾರ್ರಿಗೆ ಹೇಳಿದ್ವಿ. ‘ಅವರ್ದು ಡಾಲರ್ ಅದಪಾ’ ಅಂದ್ರು. ಅದೂ ಖರೇನೇ.

ಹೋದ ವರ್ಷ ಊರ ಕಡೆ ಒಬ್ಬ ಶಹನಾಯಿ ಮುತ್ಯಾ ತೀರಿಕೊಂಡ. ಐವತ್ತು ವರ್ಷ ಊದಿದಂವ. ಇವನ ಶಹನಾಯಿ ಇಲ್ಲದ ಆ ಸೀಮಿಯಾಗ ಒಂದು ಲಗ್ನ ಆಗಿಲ್ಲ, ಒಂದು ತೇರು ಎಳೆದಿಲ್ಲ. ಸತ್ತ ಮರುದಿನ ಒಂದು ಪತ್ರಿಕಿಯಾಗ ಎರಡು ಸಾಲು ಬಂತು, ಅದರಾಗೂ ‘ತಬಲಾ ವಾದಕ’. ಅಂವನ ಮಾತು ಅಂತ ಜಗತ್ತಿನ್ಯಾಗ ಅಚ್ಚಾಗಿದ್ದು ನಮ್ಮ ನಾಲ್ಕು ಪುಟ ಅಷ್ಟೇ, ಅದೂ ನಮ್ಮ ಹುಡುಗ ತನ್ನ ಗಾಡಿಗೆ ತನ್ನ ರೊಕ್ಕಲೇ ಪೆಟ್ರೋಲ್ ಹಾಕ್ಕೊಂಡು ಮೂರು ಸಲ ಹೋಗಿ ಬರ್ಕೊಂಡು ಬಂದಿದ್ದು. ಶ್ರದ್ಧಾಂಜಲಿ ಸಭಾದಾಗ ದೊಡ್ಡ ದೊಡ್ಡವರು ಅದನ್ನೇ ಓದಿ ಹೇಳಿದ್ರು, ತಾವೇ ಹೋಗಿ ಕೇಳ್ಕೊಂಡು ಬಂದವರಂಗ. ಪತ್ರಿಕಿ ಹೆಸರು ಒಬ್ಬರ ಬಾಯಿಗೂ ಬರ್ಲಿಲ್ಲ. ನನಗ ಅಲ್ಲಿ ನಗು ಬರ್ಲಿಲ್ರಿ. ಫೋನಿನ್ಯಾಗ ಹಾಡು ಕೇಳಸೋ ಸ್ಪಾಟಿಫೈನವರು 2024ರಿಂದ ವರ್ಷಕ್ಕ 1,000 ಸಲ ಕೇಳಸ್ಕೊಳ್ದ ಹಾಡಿಗೆ ರಾಯಲ್ಟಿನೇ ಇಲ್ಲ ಅಂದಾರ, ಮುತ್ಯಾನ ಹಾಡು ಅಲ್ಲಿ ಮುಟ್ಟಿಲ್ಲ ಬಿಡ್ರಿ, ಮುಟ್ಟಿದ್ರೂ ಇಂಥದ್ದೊಂದು ಅದ ಅಂತ ಆ ಸಾವಿರ ಮಂದಿಗೆ ಹೇಳೋರು ಯಾರು? ಮಷೀನು ಹೇಳಂಗಿಲ್ಲ, ಅದಕ್ಕ ಮುತ್ಯಾ ಗೊತ್ತಿಲ್ಲ. ಹೇಳೋರ್ನ ಮಾತ್ರ ನೀವು ಹೆಗಲು ತಟ್ಟಿ ತಟ್ಟೇ ಕೊಲ್ತೀರಿ. 40 ರೂಪಾಯಿ ಇಲ್ಲದವರಿಗೆ ನಾ ಹೇಳ್ಲಾಕತ್ತಿಲ್ಲ. ಅವರು ಹೆಂಗರ ಮಾಡಿ ಕೊಡ್ತಾರ, ಆ ಭಜನಿ ಮುತ್ಯಾ ಕೊಟ್ಟ. ಹಣ್ಣಿನ ಬುಟ್ಟಿ ಹೊತ್ಕೊಂಡು ಹೋದವರಿಗೆ ಹೇಳ್ಲಾಕತ್ತೀನಿ.

ಇರ್ಲಿ. ಬಿಪಿ ಗುಳಿಗಿ ತಗೊಂಡೆ.

ಸಾಹುಕಾರ್ರಿಗೆ ಕಡೀಗೆ ಬ್ಯಾಡ ಅಂದ್ವಿ. ತತ್ವನಿಷ್ಠಿ ಅಂತ ತಿಳ್ಕೋಬ್ಯಾಡ್ರಿ, ಹನ್ನೆರಡು ತಬಲಾ ಹೊಂದ್ಲಿಲ್ಲ. ನಿನ್ನೆ ಸಂಜಿಗೆ ಪ್ರೆಸ್ಸಿನ್ಯಾಗ ಕೂಡಿದ್ವಿ. ಮುಂದಿನ ಸಂಚಿಕಿ 32 ಪುಟ ಆಗ್ಲೋ 24 ಆಗ್ಲೋ ಅಂತ ಜಗಳ. ಹಂತಿ ಪದದ ಲೇಖನ ಉದ್ದ ಅದ, ಕಡಿ ಅಂದ್ರ ಬರದಂವ ಒಪ್ಪವಲ್ಲ. ಹೊರಗಿನೂರಿಗೆ ಕಳಸೋ ಖರ್ಚು ಬ್ಯಾರೆ ಏರ್ಯಾದ, ಅಂಚಿಯವರ ಕಡಿಮಿ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಅನ್ನೋದು 2024ರ ಡಿಸೆಂಬರ್‌ದಾಗೇ ಮುಗಿದು ಹೋತಲ್ಲ. ಪ್ರೆಸ್ಸಿನ ಮಾಮಾ ಮಶೀನಿಗೆ ಎಣ್ಣಿ ಬಿಟ್ಕೋತ, ನಮ್ಮ ಮಕಾ ನೋಡ್ದ, ‘ಮೊದಲ ಹಳೀದು’ ಅಂದ. ಅಷ್ಟರಾಗ ಫೋನ್ ಬಂತು. ಸಂಕಿರಣದ ಅಧ್ಯಕ್ಷರು.

“ತಮ್ಮಾ, ನೀ ಅಂತೂ ಕಳಸಲಿಲ್ಲ. ನಮ್ಮ ಗ್ರೂಪಿನ್ಯಾಗ ಯಾರೋ ಫೋಟೋ ಹೊಡೆದು ಹಾಕ್ಯಾರ, ಪೂರಾ ಪತ್ರಿಕಿ ಬಂದದ. ಆದ್ರ ಪುಟ 14ರ ಮ್ಯಾಲ ಎಣ್ಣಿ ಬಿದ್ದಂಗದ, ಅಕ್ಷರಾನೇ ಕಾಣವಲ್ದು. ಅದೊಂದು ಪುಟ ಛಂದಾಗಿ ಕಳಿಸಪಾ.”